ಶನಿವಾರ ಭಾನುವಾರದ ದೇಶಾಟನ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಪಾಠಶಾಲೆಯಲ್ಲಿ ಸಂಸ್ಕೃತವನ್ನು ಹೇಳಿಕೊಡುತ್ತಿದ್ದ ಕಾಲದಲ್ಲಿ ನಾವೂ ಇದನ್ನು ಹುಡುಗರ ಮುಂದೆ ಎಷ್ಟು ಸಲ ಆಡಿದ್ದೇವೆಯೋ ಲೆಕ್ಕವಿಲ್ಲ. ಆದರೆ ಈ ಗಾದೆಯ ಎರಡು ಭಾಗಗಳಿಗೂ ಪರಸ್ಪರ ಇರತಕ್ಕ ಸಂಬಂಧವೇನೆಂಬುದನ್ನು ನಾವು ಎಂದೂ ಯೋಚಿಸಿದವರಲ್ಲ. ದೇಶ ಸುತ್ತುವುದು ಒಂದು ದಾರಿ, ಕೋಶ ಓದುವುದು ಇನ್ನೊಂದು ದಾರಿ. ಯಾವುದನ್ನು ಹಿಡಿದರೂ ಮನುಷ್ಯನು ತಿಳಿವಳಿಕೆಯುಳ್ಳವನಾಗುತ್ತಾನೆ ಎಂದೇ ಅರ್ಥಮಾಡಿಕೊಂಡಿದ್ದೆವು. ೨೦೨೫ನೆಯ ಇಸವಿಯ ಬೇಸಗೆಯಲ್ಲಿ ಯೂರೋಪುಖಂಡದಲ್ಲಿ ಮೂರು ತಿಂಗಳಿಗೆ ಸ್ವಲ್ಪ ಕಡಮೆಯಾದ ಕಾಲವನ್ನು ಕಳೆದ ಮೇಲೆ ಆ ಅರ್ಥವನ್ನು ತಿದ್ದಿಕೊಳ್ಳಬೇಕಾಯಿತು. ತಿದ್ದಿಕೊಂಡ ಬಗೆಯನ್ನು ಹೇಳಿದರೆ, ಮಕ್ಕಳನ್ನು ಪರದೇಶಕ್ಕೆ ಓದಲು ಕಳುಹಿಸಿರುವ, ಇಲ್ಲವೆ ಕಳುಹಿಸಬೇಕೆಂದಿರುವ ಗೃಹಸ್ಥರಿಗೆ ಪ್ರಯೋಜನವಾದೀತೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ನಮ್ಮ ಕಿರಿಯ ಮಗನು ಜರ್ಮನಿ ದೇಶದ ಟ್ಯೂಬಿಂಗೆನ್ ಎಂಬ ಊರಿನ ವಿಶ್ವವಿದ್ಯಾನಿಲಯದಲ್ಲಿ ಭೂಜಲದ ಶಾಸ್ತ್ರವನ್ನು ಓದುತ್ತಿದ್ದಾನೆ. ನೆಲದೊಳಗಿನ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹರಿಯುತ್ತದೆ, ಎಷ್ಟು ಬೇಗ ಹರಿಯುತ್ತದೆ ಎಂಬುದೇ ಆ ಶಾಸ್ತ್ರದ ವಿಷಯ. ಸಾವಿರ ಅಡಿ ಕೊಳವೆಬಾವಿ ಕೊರೆಸಿಯೂ ನೀರು ಕಾಣದ ಬಯಲುಸೀಮೆಯಲ್ಲಿ ಬಾಳಿದ ನಮಗೆ ಅದಕ್ಕಿಂತ ಉಪಯುಕ್ತವಾದ ವಿದ್ಯೆ ಬೇರೊಂದು ತೋರಲಿಲ್ಲ. ಆದಕಾರಣ ಮನೆಯ ಮೇಲೆ ಬ್ಯಾಂಕಿನ ಸಾಲವನ್ನು ತೆಗೆದು ೨೦೨೪ನೆಯ ಅಕ್ಟೋಬರಿನಲ್ಲಿ ಅವನನ್ನು ಕಳುಹಿಸಿದೆವು. ಚಳಿಗಾಲದ ಪಾಠಾವಧಿಯು ಫೆಬ್ರವರಿಯಲ್ಲಿ ಮುಗಿಯಿತು. ಅದರ ಪರೀಕ್ಷೆಗಳಲ್ಲಿ ಮುಖ್ಯವಾದ ಒಂದರಲ್ಲಿ ಅವನು ತೇರ್ಗಡೆಯಾಗಲಿಲ್ಲ. ಈ ಸಂಗತಿಯನ್ನು ಒಂದು ತಿಂಗಳ ಕಾಲ ನಮಗೆ ತಿಳಿಸಲೂ ಇಲ್ಲ. ಆದರೆ ದೂರವಾಣಿಯಲ್ಲಿ ಕೇಳಿದ ದನಿಯಿಂದಲೇ ತಾಯಿಯಾದವರಿಗೆ ಏನೋ ತಿಳಿದಿತ್ತು. "ನೀವೊಮ್ಮೆ ಹೋಗಿ ನೋಡಿಕೊಂಡು ಬನ್ನಿ, ಬಯ್ಯಬೇಡಿ" ಎಂದು ಹೇಳಿ, ಚಟ್ನಿಪುಡಿಯನ್ನೂ ಪುಳಿಯೋಗರೆಯ ಗೊಜ್ಜನ್ನೂ ಕಟ್ಟಿಕೊಟ್ಟು, ನಮ್ಮ ಮನೆಯವರು ಏಪ್ರಿಲ್ ತಿಂಗಳ ಕೊನೆಯಲ್ಲಿ ನಮ್ಮನ್ನು ಹೊರಡಿಸಿದರು.

ಹುಡುಗನ ಕೊಠಡಿಯನ್ನು ಹೊಕ್ಕಾಗ ಮೊದಲು ಕಣ್ಣಿಗೆ ಬಿದ್ದುದು ಗೋಡೆಯ ಮೇಲಿನ ಯೂರೋಪಿನ ನಕ್ಷೆ. ಅದರಲ್ಲಿ ಹನ್ನೊಂದು ಕೆಂಪು ಗುಂಡುಸೂಜಿಗಳನ್ನು ಚುಚ್ಚಿತ್ತು. ಪ್ಯಾರಿಸ್, ಆಮ್‌ಸ್ಟರ್‌ಡಾಮ್, ಬ್ರಸೆಲ್ಸ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್, ವೆನಿಸ್, ರೋಮ್, ಬಾರ್ಸೆಲೋನಾ, ಲಿಸ್ಬನ್, ಕೋಪನ್‌ಹೇಗನ್. ನಾಲ್ಕು ತಿಂಗಳಲ್ಲಿ ಹನ್ನೊಂದು ಮಹಾನಗರಗಳು! ನಮ್ಮ ಹಿರಿಯರು ಕಾಶಿಗೆ ಹೋಗಿ ಬರಲು ಇದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತಿತ್ತು.

"ಪ್ರಾಗಿನಲ್ಲಿ ಏನು ನೋಡಿದೆಯಪ್ಪಾ?" ಎಂದು ಕೇಳಿದೆವು.

"ಸೇತುವೆ, ಅಪ್ಪ. ಒಂದು ಹಳೆಯ ಗಡಿಯಾರ."

"ಬುಡಾಪೆಸ್ಟಿನಲ್ಲಿ?"

"ಅಲ್ಲಿಯೂ ಸೇತುವೆ." ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕನು. "ಯಾವುದು ಯಾವ ಊರಿನದೆಂದು ನನಗೇ ಗೊಂದಲ. ಫೋಟೋ ನೋಡಿದರೆ ನೆನಪಾಗುತ್ತದೆ."

ನಾವು ಬಯ್ಯಲಿಲ್ಲ, ಮಾತು ಕೊಟ್ಟು ಬಂದಿದ್ದೆವು. ರಾತ್ರಿ ಊಟವಾದ ಮೇಲೆ ಅವನೇ ಹೇಳಿಕೊಂಡನು. ಆ ದೇಶದಲ್ಲಿ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಗದ್ದಲ ಮಾಡಬಾರದೆಂಬ ಕಟ್ಟಳೆಯೂ ಉಂಟು. ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಗೇ ಕತ್ತಲಾಗುತ್ತದೆ. ವಸತಿಗೃಹದ ಇತರ ಹುಡುಗರು ತಂತಮ್ಮ ಊರುಗಳಿಗೆ ಹೋಗಿರುತ್ತಾರೆ. "ಒಬ್ಬನೇ ಕುಳಿತಿರಲು ಆಗುತ್ತಿರಲಿಲ್ಲ, ಅಪ್ಪ. ಯಾರಾದರೂ ಎಲ್ಲಿಗಾದರೂ ಹೊರಟರೆ ನಾನೂ ಹೊರಡುತ್ತಿದ್ದೆ" ಎಂದನು. ಇದನ್ನು ಕೇಳಿದ ಮೇಲೆ ನಮಗೆ ಕೋಪ ಉಳಿಯಲಿಲ್ಲ. ಅವನು ಸುತ್ತಿದ್ದುದು ದೇಶವನ್ನು ನೋಡಬೇಕೆಂದಲ್ಲ, ಭಾನುವಾರವನ್ನು ತಪ್ಪಿಸಿಕೊಳ್ಳಬೇಕೆಂದು.

ಮಾರನೆಯ ದಿನ ಇಬ್ಬರೂ ಕುಳಿತು ಬಾರ್ಸೆಲೋನಾ ಪ್ರಯಾಣದ ಲೆಕ್ಕವನ್ನು ತೆಗೆದೆವು. ಶುಕ್ರವಾರ ಸಾಯಂಕಾಲ ನಾಲ್ಕು ಗಂಟೆಗೆ ಕೊಠಡಿಯನ್ನು ಬಿಟ್ಟು ಭಾನುವಾರ ನಡುರಾತ್ರಿಗೆ ಹಿಂದಿರುಗಿದ್ದನು. ಒಟ್ಟು ೫೬ ಗಂಟೆ. ಬಸ್ಸು, ವಿಮಾನನಿಲ್ದಾಣದಲ್ಲಿ ಕಾಯುವುದು, ವಿಮಾನ, ಮತ್ತೆ ಬಸ್ಸು ಇವಕ್ಕೆ ಎರಡು ಕಡೆಗೂ ಸೇರಿ ೧೯ ಗಂಟೆ. ನಿದ್ರೆಗೆ ೧೫. ಊಟಕ್ಕೂ ಸಾಲಿನಲ್ಲಿ ನಿಲ್ಲುವುದಕ್ಕೂ ೧೦. ಉಳಿದುದು ೧೨ ಗಂಟೆ. ಅದರಲ್ಲಿ ಫೋಟೋಗೆ ಸಂದುದೆಷ್ಟು ಎಂದು ನಾವು ಕೇಳಲಿಲ್ಲ. ವಿಮಾನದ ಟಿಕೇಟು ಅಗ್ಗವೆಂಬುದು ನಿಜ. ಆದರೆ ಅಗ್ಗದ ವಿಮಾನಗಳು ಇಳಿಯುವ ಸ್ಥಳಗಳನ್ನು ಹೆಸರಿನಿಂದ ನಂಬಬಾರದು. ಫ್ರಾಂಕ್‌ಫರ್ಟಿನ ಹೆಸರನ್ನು ಸೇರಿಸಿಕೊಂಡ ಹಾನ್ ಎಂಬ ವಿಮಾನನಿಲ್ದಾಣವು ಆ ನಗರಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಪ್ಯಾರಿಸಿನ ಹೆಸರುಳ್ಳ ಬೋವೇ ಪ್ಯಾರಿಸಿಗೆ ಸುಮಾರು ಎಂಬತ್ತು ಕಿಲೋಮೀಟರು. ಅಗ್ಗವೆಂದು ಉಳಿಸಿದ ಹಣವು ಬಸ್ಸಿಗೂ, ಉಳಿಸಿದ ಹೊತ್ತು ದಾರಿಗೂ ಸಲ್ಲುತ್ತದೆ.

ಮೊದಲನೆಯ ಶನಿವಾರ ನಾವು ಎಲ್ಲಿಗೂ ಹೊರಡಲಿಲ್ಲ. ಅವನಿದ್ದ ಊರನ್ನೇ ನೋಡಿದೆವು. ಆರು ತಿಂಗಳಿಂದ ಅಲ್ಲಿದ್ದರೂ ಅವನು ಬಲ್ಲದ್ದು ರೈಲು ನಿಲ್ದಾಣ, ಬಸ್ಸಿನ ನಿಲ್ದಾಣ, ಪಾಠದ ಕೊಠಡಿ ಇಷ್ಟನ್ನೇ. ಟ್ಯೂಬಿಂಗೆನ್ ನೆಕ್ಕಾರ್ ನದಿಯ ದಡದಲ್ಲಿರುವ ಹಳೆಯ ಊರು. ಇಳಿಜಾರಾದ ಹೆಂಚಿನ ಮಾಡುಗಳು, ಮರದ ತೊಲೆಗಳು ಹೊರಗೆ ಕಾಣುವಂತೆ ಕಟ್ಟಿದ ಮನೆಗಳು, ಕಲ್ಲು ಹಾಸಿದ ಓಣಿಗಳು. ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು ೧೪೭೭ರಲ್ಲಿ. ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದ ಕೆಪ್ಲರನು ಇಲ್ಲಿ ಓದಿದವನು. ಗುಡ್ಡದ ಮೇಲಿನ ಕೋಟೆಯ ಹಳೆಯ ಅಡುಗೆಮನೆಯನ್ನು ಪ್ರಯೋಗಶಾಲೆಯಾಗಿ ಮಾಡಿಕೊಂಡಿದ್ದಾಗ, ೧೮೬೯ರಲ್ಲಿ, ಮೀಷರ್ ಎಂಬ ತರುಣನು ಇಂದು ಡಿಎನ್‌ಎ ಎಂದು ಲೋಕವೆಲ್ಲ ಹೇಳುವ ವಸ್ತುವನ್ನು ಮೊದಲ ಸಲ ಬೇರ್ಪಡಿಸಿದನು. ನದಿಯ ದಡದಲ್ಲಿ ಹಳದಿಬಣ್ಣದ ಒಂದು ಗೋಪುರ; ಹ್ಯೋಲ್ಡರ್ಲಿನ್ ಎಂಬ ಮಹಾಕವಿಯು ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡ ಮೇಲೆ ಒಬ್ಬ ಬಡಗಿಯ ಆಶ್ರಯದಲ್ಲಿ ೩೬ ವರ್ಷ ಅಲ್ಲಿಯೇ ಬಾಳಿ ೧೮೪೩ರಲ್ಲಿ ತೀರಿಕೊಂಡನು.

ನಮ್ಮ ಮನಸ್ಸು ಮಾತ್ರ ಬೇರೆ ಇಬ್ಬರನ್ನು ಹುಡುಕುತ್ತಿತ್ತು. ಒಬ್ಬರು ರುಡಾಲ್ಫ್ ರೋಟ್. ಈ ಊರಿನಲ್ಲಿ ಸಂಸ್ಕೃತದ ಆಚಾರ್ಯರಾಗಿದ್ದುಕೊಂಡು, ಬ್ಯೋಟ್ಲಿಂಕ್ ಎಂಬ ವಿದ್ವಾಂಸರೊಡನೆ ಸೇರಿ, ೧೮೫೫ರಿಂದ ೧೮೭೫ರ ವರೆಗೆ ಏಳು ಸಂಪುಟಗಳಲ್ಲಿ ಸಂಸ್ಕೃತದ ಮಹಾಕೋಶವನ್ನು ರಚಿಸಿದವರು. ಇನ್ನೊಬ್ಬರು ಫರ್ಡಿನಾಂಡ್ ಕಿಟ್ಟೆಲ್. ೧೮೩೨ರಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ೧೮೫೩ರಲ್ಲಿ ಕನ್ನಡನಾಡಿಗೆ ಬಂದು, ನಮ್ಮ ಹಳೆಯ ವ್ಯಾಕರಣವನ್ನೂ ಛಂದಸ್ಸನ್ನೂ ಅಚ್ಚು ಹಾಕಿಸಿ, ಸುಮಾರು ಎಪ್ಪತ್ತು ಸಾವಿರ ಶಬ್ದಗಳ ನಿಘಂಟನ್ನು ೧೮೯೪ರಲ್ಲಿ ಮಂಗಳೂರಿನಿಂದ ಹೊರಡಿಸಿದ ಮಹನೀಯರು. ೧೮೯೬ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ೧೯೦೩ರಲ್ಲಿ ಅವರು ಇದೇ ಊರಿನಲ್ಲಿ ದೇಹಬಿಟ್ಟರು.

"ನಮ್ಮ ಮನೆಯ ಕಪಾಟಿನಲ್ಲಿರುವ ದಪ್ಪ ಪುಸ್ತಕದವರೆ?" ಎಂದು ಮಗನು ಬೆರಗಾಗಿ ಕೇಳಿದನು. ಚಿಕ್ಕವನಾಗಿದ್ದಾಗ ಮಣೆಯ ಮೇಲೆ ಕುಳಿತು ಊಟಮಾಡಲು ಎತ್ತರ ಸಾಲದೆಂದು ಅದನ್ನು ಕೆಳಗಿಟ್ಟುಕೊಳ್ಳಹೋಗಿ ನಮ್ಮಿಂದ ಏಟು ತಿಂದಿದ್ದನು. ಕೋಶವನ್ನು ಬರೆದವರು ನಡೆದಾಡಿದ ಬೀದಿಯಲ್ಲಿ ಆರು ತಿಂಗಳು ನಡೆದೂ ಅದನ್ನು ಅರಿಯದೆ, ಹನ್ನೊಂದು ನಗರಗಳಿಗೆ ಹಾರಿಹೋಗಿ ಬಂದಿದ್ದನಲ್ಲ! ಗಾದೆಯ ಎರಡು ಮಾತುಗಳು ಅಂದು ನಮಗೆ ಒಂದೇ ಮಾತಾಗಿ ಕಂಡವು. ಕೋಶವಿಲ್ಲದ ದೇಶಾಟನವು ಬರಿಯ ಅಲೆದಾಟ.

ನಾವು ಅಲ್ಲಿರತಕ್ಕ ಕಾಲದಲ್ಲಿ ಹನ್ನೊಂದು ವಾರಗಳಿದ್ದವು. ಯಾವ ಕರ್ಮವನ್ನು ಆರಂಭಿಸಿದರೂ ಮೊದಲು ಸಂಕಲ್ಪ ಮಾಡುವುದು ನಮ್ಮವರ ಪದ್ಧತಿ. ಎಲ್ಲಿ, ಯಾವಾಗ, ಯಾತಕ್ಕಾಗಿ ಎಂಬ ಮೂರನ್ನೂ ಬಾಯಿಬಿಟ್ಟು ಹೇಳಿದ ಹೊರತು ಕೈಗೆ ನೀರು ಬೀಳುವುದಿಲ್ಲ. ಪ್ರಯಾಣಕ್ಕೂ ಹಾಗೆಯೇ ಮಾಡೋಣವೆಂದು ಹೇಳಿ, ಒಂದು ಹಾಳೆಯ ಮೇಲೆ ಹನ್ನೊಂದು ಗೆರೆ ಎಳೆದೆವು. ಆರು ವಾರ ಊರಿನಲ್ಲಿಯೇ ಇದ್ದು ಓದತಕ್ಕದ್ದು. ಐದು ವಾರ ಹೊರಗೆ ಹೋಗತಕ್ಕದ್ದು. ಹೋಗುವ ಪ್ರತಿಯೊಂದು ಊರಿನ ಮುಂದೆಯೂ "ಯಾತಕ್ಕೆ" ಎಂಬುದಕ್ಕೆ ಒಂದು ವಾಕ್ಯವನ್ನು ಬರೆಯಬೇಕು; ಬರೆಯಲಾಗದಿದ್ದರೆ ಆ ಊರು ಬಿಟ್ಟುಹೋಗಬೇಕು. ನಾಲ್ಕು ಊರುಗಳನ್ನು ಇಬ್ಬರೂ ಸೇರಿ ಆರಿಸಿದೆವು. ಐದನೆಯ ಗೆರೆಯನ್ನು ಅವನ ಪಾಲಿಗೆ ಖಾಲಿ ಬಿಟ್ಟೆವು.

ಇನ್ನು ವ್ಯವಹಾರದ ಮಾತು. ಇವನ್ನು ಅನುಭವದಿಂದ ಕಲಿತೆವಾದುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಜರ್ಮನಿಯಲ್ಲಿ ೨೦೨೩ನೆಯ ಮೇ ತಿಂಗಳಿಂದ ಒಂದು ಮಾಸಿಕ ಟಿಕೇಟು ಬಳಕೆಗೆ ಬಂದಿದೆ. ಮೊದಲು ಅದರ ಬೆಲೆ ೪೯ ಯೂರೋ. ನಾವು ಹೋದ ೨೦೨೫ರಲ್ಲಿ ೫೮ ಯೂರೋ. ಅದನ್ನು ಹಿಡಿದವರು ಆ ದೇಶದ ಉದ್ದಗಲಕ್ಕೂ ಊರ ಬಸ್ಸು, ಟ್ರಾಮು, ಪ್ರಾಂತೀಯ ರೈಲುಗಳಲ್ಲಿ ಓಡಾಡಬಹುದು. ದೂರಪ್ರಯಾಣದ ವೇಗದ ರೈಲುಗಳನ್ನು ಮಾತ್ರ ಹತ್ತುವಂತಿಲ್ಲ. ಆದಕಾರಣ ನಿಧಾನವಾದ ರೈಲಿನಲ್ಲಿ ಮೂರು ಗಂಟೆಯ ಒಳಗೆ ಮುಟ್ಟಬಹುದಾದ ಊರುಗಳನ್ನೇ ವಿದ್ಯಾರ್ಥಿಯು ಮೊದಲು ಆರಿಸಿಕೊಳ್ಳುವುದು ಜಾಣತನ. ನಕ್ಷೆಯ ಮೇಲೆ ತನ್ನ ಕೊಠಡಿಯನ್ನು ನಡುವೆ ಇಟ್ಟು ಒಂದು ವೃತ್ತವನ್ನು ಎಳೆದರೆ, ಅದರೊಳಗೆ ಒಂದು ವರ್ಷಕ್ಕೆ ಸಾಕಾಗುವಷ್ಟು ಊರುಗಳು ಸಿಕ್ಕುತ್ತವೆ.

ಎರಡನೆಯದು ಕಾಗದಪತ್ರ. ಲಕ್ಸೆಂಬರ್ಗ್ ದೇಶದ ಷೆಂಗೆನ್ ಎಂಬ ಹಳ್ಳಿಯಲ್ಲಿ ೧೯೮೫ರಲ್ಲಿ ಆದ ಒಪ್ಪಂದದಿಂದ ಯೂರೋಪಿನ ಬಹುಪಾಲು ದೇಶಗಳ ನಡುವಣ ಗಡಿಯ ತಡೆ ಹೋಯಿತು. ಜರ್ಮನಿಯಲ್ಲಿ ವಾಸದ ಪರವಾನಗಿಯುಳ್ಳ ನಮ್ಮ ವಿದ್ಯಾರ್ಥಿಯು ಆ ಕೂಟದ ಬೇರೆ ದೇಶಗಳಲ್ಲಿ ಯಾವ ೧೮೦ ದಿನಗಳನ್ನು ಎಣಿಸಿದರೂ ೯೦ ದಿನಗಳ ವರೆಗೆ ಇರಬಹುದು. ಸ್ವಿಟ್ಜರ್ಲೆಂಡು ಯೂರೋಪಿನ ಒಕ್ಕೂಟದಲ್ಲಿಲ್ಲದಿದ್ದರೂ ಈ ಕೂಟದಲ್ಲಿದೆ. ಬ್ರಿಟನ್ನೂ ಐರ್ಲೆಂಡೂ ಇದರಲ್ಲಿಲ್ಲ, ಅಲ್ಲಿಗೆ ಬೇರೆ ಅನುಮತಿ ಬೇಕು. ಗಡಿಯಿಲ್ಲವೆಂದು ಬರಿಗೈಯಲ್ಲಿ ಹೋಗಬಾರದು. ೨೦೨೪ನೆಯ ಸೆಪ್ಟೆಂಬರಿನಲ್ಲಿ ಜರ್ಮನಿಯು ತನ್ನ ಎಲ್ಲ ನೆಲಗಡಿಗಳಲ್ಲಿಯೂ ತಪಾಸಣೆಯನ್ನು ಆರಂಭಿಸಿತು. ಪಾಸ್‌ಪೋರ್ಟೂ ಪರವಾನಗಿಯ ಕಾರ್ಡೂ ಮೈಮೇಲೆ ಇರಲೇಬೇಕು.

ಮೂರನೆಯದು ವೇಳೆ. ಹೋಗುವ ರೈಲನ್ನು ಆಮೇಲೆ ನೋಡಿ, ಹಿಂದಿರುಗುವ ರೈಲನ್ನು ಮೊದಲು ನೋಡಬೇಕು; ಕಡೆಯ ರೈಲಿನಲ್ಲಿ ಬರುವ ಯೋಚನೆ ಮಾಡದೆ ಅದಕ್ಕೆ ಹಿಂದಿನದನ್ನು ಹಿಡಿಯಬೇಕು. ಮಾರ್ಚ್ ತಿಂಗಳ ಕೊನೆಯ ಭಾನುವಾರ ಅಲ್ಲಿನ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೂ ಅಕ್ಟೋಬರಿನ ಕೊನೆಯ ಭಾನುವಾರ ಹಿಂದಕ್ಕೂ ತಿರುಗಿಸುತ್ತಾರೆ. ಅದನ್ನು ಮರೆತವರು ರೈಲನ್ನು ತಪ್ಪಿಸಿಕೊಳ್ಳುತ್ತಾರೆ. ನಾಲ್ಕನೆಯದು ಊಟ. ಭಾನುವಾರಕ್ಕೆ ಬೇಕಾದುದನ್ನು ಶನಿವಾರವೇ ಕೊಂಡಿಟ್ಟುಕೊಳ್ಳಬೇಕು. ನಾವು ಪ್ರತಿ ಪ್ರಯಾಣಕ್ಕೂ ಒಂದು ಡಬ್ಬಿ ಪುಳಿಯೋಗರೆ ಕಲಸಿಕೊಂಡು ಹೋದೆವು. ಎಳೆಯ ಬಿಸಿಲಿನಲ್ಲಿ ನದಿಯ ದಡದ ಬೆಂಚಿನ ಮೇಲೆ ಕುಳಿತು ಅದನ್ನು ತಿಂದ ಸುಖಕ್ಕೆ ಯಾವ ಹೋಟೆಲೂ ಸಮನಲ್ಲ.

ಮೊದಲ ಪ್ರಯಾಣ ಕಾಲ್ವ್ ಎಂಬ ಚಿಕ್ಕ ಊರಿಗೆ. ಬೆಳಗ್ಗೆ ಹೋಗಿ ಸಂಜೆಗೆ ಬರುವಷ್ಟು ಹತ್ತಿರ. ಹೋರ್ಬ್ ಎಂಬಲ್ಲಿ ರೈಲು ಬದಲಾಯಿಸಿ ನಾಗೋಲ್ಡ್ ನದಿಯ ಕಣಿವೆಯಲ್ಲಿ ಹೋಗಬೇಕು. ಮಲೆಯಾಳದ ಕೋಶವನ್ನು ೧೮೭೨ರಲ್ಲಿ ಹೊರಡಿಸಿದ ಗುಂಡರ್ಟ್ ಪಾದ್ರಿಗಳು ತಲಶ್ಶೇರಿಯಿಂದ ಹಿಂದಿರುಗಿದ ಮೇಲೆ ನೆಲಸಿದ ಊರು ಇದು. ತಲಶ್ಶೇರಿಯಲ್ಲಿ ೧೮೪೨ರಲ್ಲಿ ಹುಟ್ಟಿದ ಅವರ ಮಗಳು ಮಾರೀ ಇದೇ ಊರಿನಲ್ಲಿ ೧೮೭೭ರಲ್ಲಿ ಒಂದು ಗಂಡುಮಗುವನ್ನು ಹೆತ್ತಳು. ಆ ಮಗುವೇ "ಸಿದ್ಧಾರ್ಥ" ಎಂಬ ಕಥೆಯನ್ನು ಬರೆದು ೧೯೪೬ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಹೆರ್ಮನ್ ಹೆಸ್ಸೆ. ನದಿಯ ಮೇಲಿನ ಹಳೆಯ ಕಲ್ಲುಸೇತುವೆಯಲ್ಲಿ, ನಡೆದು ಹೋಗುತ್ತಿದ್ದವನು ಆಗತಾನೆ ನಿಂತನೋ ಎಂಬಂತೆ, ಅವನ ಕಂಚಿನ ಪ್ರತಿಮೆ ನಿಂತಿದೆ. ಊರಿನಲ್ಲಿ ನೋಡುವುದು ಇಷ್ಟೇ. ಆದರೆ ತಾತನ ಮನೆಯಲ್ಲಿ ಕೇಳಿದ ಭಾರತದ ಮಾತು ಮೊಮ್ಮಗನ ಕಥೆಯಾದ ಬಗೆಯನ್ನು ಮಾತನಾಡುತ್ತ ಸೇತುವೆಯ ಮೇಲೆ ಒಂದು ಗಂಟೆ ನಿಂತೆವು. ಹುಡುಗನು ಹಿಂದಿರುಗುವಾಗ, "ಈ ಸೇತುವೆಯನ್ನು ಮರೆಯುವುದಿಲ್ಲ" ಎಂದನು.

ಎರಡನೆಯದು ಫ್ರಾನ್ಸಿನ ಸ್ಟ್ರಾಸ್‌ಬೂರ್. ಜರ್ಮನಿಯ ಕೊನೆಯ ಊರಾದ ಕೇಲ್‌ನಲ್ಲಿ ಇಳಿದು, ರೈನ್ ನದಿಯ ಮೇಲೆ ೨೦೦೪ರಲ್ಲಿ ಕಟ್ಟಿದ ಕಾಲುಸೇತುವೆಯನ್ನು ನಡೆದು ದಾಟಿದೆವು. ೧೮೭೧ರಲ್ಲಿ ಜರ್ಮನರ ವಶ, ೧೯೧೮ರಲ್ಲಿ ಫ್ರೆಂಚರ ವಶ, ೧೯೪೦ರಲ್ಲಿ ಮತ್ತೆ ಜರ್ಮನರ ವಶ, ಮಹಾಯುದ್ಧದ ಕೊನೆಯಲ್ಲಿ ಮತ್ತೆ ಫ್ರೆಂಚರ ವಶ. ಎಪ್ಪತ್ತೈದು ವರ್ಷಗಳೊಳಗೆ ನಾಲ್ಕು ಸಲ ದೊರೆತನ ಬದಲಾದ ಊರು. ಈಗ ಸೇತುವೆಯ ಮೇಲೆ ಮಕ್ಕಳು ಸೈಕಲ್ ಬಿಡುತ್ತಾರೆ. ಅಲ್ಲಿನ ಮಹಾ ಇಗರ್ಜಿಯ ೧೪೨ ಮೀಟರ್ ಎತ್ತರದ ಒಂಟಿ ಶಿಖರವನ್ನೂ, ಮಧ್ಯಾಹ್ನ ಹನ್ನೆರಡೂವರೆಗೆ ಯೇಸುವಿನ ಶಿಷ್ಯರ ಬೊಂಬೆಗಳು ಸಾಲಾಗಿ ಹೊರಡುವ ಗಡಿಯಾರವನ್ನೂ ನೋಡಿದೆವು.

ಮೂರನೆಯದು ಡಾನ್ಯೂಬ್ ನದಿಯ ದಡದ ಉಲ್ಮ್. ಅಲ್ಲಿನ ಇಗರ್ಜಿಯ ಶಿಖರ ೧೬೧.೫ ಮೀಟರ್. ೧೩೭೭ರಲ್ಲಿ ತಳಹದಿ ಇಟ್ಟು ೧೮೯೦ರಲ್ಲಿ ಮುಗಿಸಿದರು. ನಾವು ನೋಡಿದಾಗ ಲೋಕದ ಇಗರ್ಜಿಗಳಲ್ಲೆಲ್ಲ ಅದೇ ಎತ್ತರ. ಅದೇ ವರ್ಷದ ಅಕ್ಟೋಬರಿನಲ್ಲಿ ಬಾರ್ಸೆಲೋನಾ ನಗರದ ಸಗ್ರಾದಾ ಫಮಿಲಿಯಾ ಅದನ್ನು ಮೀರಿಸಿತು. ಆದರೆ ನಾವು ಉಲ್ಮನ್ನು ಆರಿಸಿದುದು ಶಿಖರಕ್ಕಾಗಿ ಅಲ್ಲ. ಆ ಊರಿನ ವಸ್ತುಸಂಗ್ರಹಾಲಯದ ಸೊತ್ತಾದ ಒಂದು ಪುಟ್ಟ ಮೂರ್ತಿಗಾಗಿ. ಹತ್ತಿರದ ಒಂದು ಗುಹೆಯಲ್ಲಿ ೧೯೩೯ರಲ್ಲಿ ಚೂರುಚೂರಾಗಿ ಸಿಕ್ಕಿತು. ಆಮೇಲೆ ವಿದ್ವಾಂಸರು ಅದನ್ನು ಕೂಡಿಸಿದರು. ಈಗ ಅಳಿದುಹೋಗಿರುವ ಮ್ಯಾಮತ್ ಎಂಬ ಆನೆಯ ಜಾತಿಯ ಪ್ರಾಣಿಯ ದಂತದಲ್ಲಿ ಕೆತ್ತಿದ್ದು, ಎತ್ತರ ಒಂದಡಿ, ವಯಸ್ಸು ಸುಮಾರು ನಾಲ್ವತ್ತು ಸಾವಿರ ವರ್ಷ. ದೇಹ ಮನುಷ್ಯನದು, ತಲೆ ಸಿಂಹದ್ದು! ನಮ್ಮ ನರಸಿಂಹನಿಗೂ ಅದಕ್ಕೂ ಸಂಬಂಧವನ್ನು ಕಲ್ಪಿಸುವುದು ಶಾಸ್ತ್ರೀಯವಲ್ಲ. ಆದರೂ ಕೈ ತಾನಾಗಿಯೇ ಮುಗಿಯಿ‌ತೆಂಬುದನ್ನು ಮುಚ್ಚಿಡುವುದಿಲ್ಲ.

ನಾಲ್ಕನೆಯದು ಸ್ವಿಟ್ಜರ್ಲೆಂಡಿನ ಬಾಸೆಲ್. ಕನ್ನಡಿಗರಿಗೆ ಇದರ ಹೆಸರು ಹೊಸದಲ್ಲ. ೧೮೧೫ರಲ್ಲಿ ಇಲ್ಲಿ ಹುಟ್ಟಿದ ಮಿಷನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು, ಮುದ್ರಣಶಾಲೆಯನ್ನು ತಂದರು, ೧೮೪೩ರಲ್ಲಿ ಮೋಗ್ಲಿಂಗ್ ಪಾದ್ರಿಗಳು "ಮಂಗಳೂರ ಸಮಾಚಾರ" ಪತ್ರಿಕೆಯನ್ನು ಹೊರಡಿಸಿದರು, ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ನಮ್ಮ ಮಾಸಿಕ ಟಿಕೇಟು ಬಾಸೆಲಿನ ಬಾಡಿಷ್ ನಿಲ್ದಾಣದ ವರೆಗೆ ಸಲ್ಲುತ್ತದೆ. ಅದು ಸ್ವಿಸ್ ನೆಲದ ಮೇಲಿರುವ ಜರ್ಮನ್ ರೈಲುನಿಲ್ದಾಣ. ರೈನ್ ನದಿಯನ್ನು ಇಲ್ಲಿ ಒಂದು ವಿಚಿತ್ರವಾದ ದೋಣಿಯಲ್ಲಿ ದಾಟಿದೆವು. ಅಡ್ಡಲಾಗಿ ಕಟ್ಟಿದ ತಂತಿಗೆ ದೋಣಿಯನ್ನು ಬಿಗಿದಿರುತ್ತಾರೆ, ಹುಟ್ಟಿಲ್ಲ, ಯಂತ್ರವಿಲ್ಲ, ಹರಿವಿನ ಬಲವೇ ಅದನ್ನು ಆಚೆಯ ದಡಕ್ಕೆ ನೂಕುತ್ತದೆ. ಆದರೆ ಯಾತಕ್ಕಾಗಿ ಹೋದೆವೋ ಅದು ಕೈಗೂಡಲಿಲ್ಲ. ಮಿಷನ್ನಿನ ಹಳೆಯ ಕಾಗದಪತ್ರಗಳನ್ನು ನೋಡಬೇಕೆಂದಿದ್ದೆವು. ಅಂಥ ದಫ್ತರಗಳು ಕೆಲಸದ ದಿನಗಳಲ್ಲಿ ಮಾತ್ರ ತೆರೆದಿರುತ್ತವೆಂಬುದನ್ನು ಮೊದಲೇ ವಿಚಾರಿಸಲಿಲ್ಲ. ಶನಿವಾರ ಮುಚ್ಚಿದ ಬಾಗಿಲ ಮುಂದೆ ನಿಂತು ಬಂದೆವು. ತಪ್ಪು ನಮ್ಮದೇ.

ಇನ್ನೊಂದು ತಪ್ಪನ್ನೂ ಮಾಡಿದೆವು. ಭಾನುವಾರ ಸಂಜೆ ಹಿಂದಿರುಗುವಾಗ ಒಂದು ಜಂಕ್ಷನ್ನಿನಲ್ಲಿ ರೈಲು ಬದಲಾಯಿಸಲು ಆರು ನಿಮಿಷವನ್ನು ಮಾತ್ರ ಇಟ್ಟುಕೊಂಡಿದ್ದೆವು. ಅದೂ ಕಡೆಯ ರೈಲು. ನಾವೇ ಹಾಕಿದ ಕಟ್ಟಳೆಯನ್ನು ಬೇಸಗೆಯ ಸಂಜೆಯ ಮೋಹದಲ್ಲಿ ನಾವೇ ಮುರಿದಿದ್ದೆವು. ನಮ್ಮ ರೈಲು ಹದಿನಾಲ್ಕು ನಿಮಿಷ ತಡವಾಗಿ ಬಂತು, ಮುಂದಿನದು ಹೊರಟುಹೋಗಿತ್ತು. ಬೆಳಗಿನ ಜಾವದ ವರೆಗೆ ಬೇರೆ ರೈಲಿಲ್ಲ. ಮಗನ ಮುಖ ಬಿಳಿಚಿಕೊಂಡಿತು. ಸೋಮವಾರ ಬೆಳಗ್ಗೆ ತರಗತಿಯ ಮುಂದೆ ಅವನು ಒಂದು ವಿಷಯವನ್ನು ವಿವರಿಸಿ ಮಾತನಾಡಬೇಕಾಗಿತ್ತು. ಅದು ಫೆಬ್ರವರಿಯಲ್ಲಿ ತಪ್ಪಿದ ಪಾಠಕ್ಕೇ ಸೇರಿದ್ದು.

"ನಿದ್ರೆಯಂತೂ ಬರುವುದಿಲ್ಲ, ಆ ವಿಷಯವನ್ನು ನಮಗೆ ಹೇಳು" ಎಂದೆವು. ನಿಲ್ದಾಣದ ಬೆಂಚಿನ ಮೇಲೆ ಕುಳಿತು ಹೇಳತೊಡಗಿದನು. ಡಾರ್ಸಿ ಎಂಬ ಫ್ರೆಂಚ್ ಎಂಜಿನಿಯರು ಡಿಜೋನ್ ನಗರಕ್ಕೆ ನೀರು ಒದಗಿಸುವ ಕೆಲಸದಲ್ಲಿದ್ದಾಗ, ಮರಳಿನ ಮೂಲಕ ನೀರು ಇಳಿಯುವುದನ್ನು ಅಳೆದು, ೧೮೫೬ರಲ್ಲಿ ಒಂದು ನಿಯಮವನ್ನು ಪ್ರಕಟಿಸಿದನಂತೆ. ಎರಡು ಕಡೆಯ ನೀರಿನ ಮಟ್ಟದಲ್ಲಿರುವ ಅಂತರ ಹೆಚ್ಚಿದಷ್ಟೂ ಹರಿವು ಹೆಚ್ಚು. ಮರಳಿನ ದಾರಿ ಉದ್ದವಾದಷ್ಟೂ ಹರಿವು ಕಡಮೆ. ನಾವು ಹಿಂದಿನ ಬೆಂಚಿನ ದಡ್ಡ ಹುಡುಗನಂತೆ, "ತಿಳಿಯಲಿಲ್ಲ, ಮತ್ತೆ ಹೇಳು" ಎಂದೆವು. ಎರಡನೆಯ ಸಲ ಹೇಳಿದನು. "ಎಲ್ಲ ನೆಲದಲ್ಲಿಯೂ ಹೀಗೆಯೋ? ಬಂಡೆಯ ಬಿರುಕಿನಲ್ಲಿ, ಗುಹೆಯಲ್ಲಿ?" ಎಂದು ಕೇಳಿದೆವು. ಮೂರನೆಯ ಸಲ ಹೇಳಲು ಹೊರಟವನು ನಡುವೆ ನಿಂತುಬಿಟ್ಟನು. "ಇಲ್ಲ ಅಪ್ಪ. ಮರಳಿನಲ್ಲಿ ನೀರು ನಿಧಾನವಾಗಿ ಜಿನುಗುವಾಗ ಮಾತ್ರ ಈ ನಿಯಮ. ಸುಣ್ಣಕಲ್ಲಿನ ಒಳಗೆ ಸುರಂಗಗಳಿದ್ದರೆ ನೀರು ಹೊಳೆಯ ಹಾಗೆ ನುಗ್ಗುತ್ತದೆ. ಅಲ್ಲಿ ಇದು ಸಲ್ಲುವುದಿಲ್ಲ. ನಾನು ಪರೀಕ್ಷೆಯಲ್ಲಿ ತಪ್ಪಿದ್ದು ಇಲ್ಲಿಯೇ!" ಎಂದು ಎದ್ದು ನಿಂತನು. ಆ ನಡುರಾತ್ರಿಯ ನಿಲ್ದಾಣದಲ್ಲಿ ನಾವು ಪಟ್ಟ ಸಂತೋಷವನ್ನು ಯಾವ ಶಿಖರವೂ ಕೊಟ್ಟಿರಲಿಲ್ಲ. ಬೆಳಗ್ಗೆ ಅವನು ಕೊಠಡಿಗೂ ಹೋಗದೆ ನೇರವಾಗಿ ತರಗತಿಗೆ ಹೋದನು.

ಎರಡು ದಿನ ಕಳೆದ ಮೇಲೆ, ಹಾಳೆಯ ಐದನೆಯ ಗೆರೆಯನ್ನು ಅವನೇ ತುಂಬಿದನು: "ಇಮ್ಮೆಂಡಿಂಗೆನ್. ಯಾತಕ್ಕೆ: ನದಿ ಮಾಯವಾಗುವುದನ್ನು ನೋಡುವುದಕ್ಕೆ."

ಜುಲೈ ತಿಂಗಳಲ್ಲಿ ಹೋದೆವು. ಇಮ್ಮೆಂಡಿಂಗೆನ್ ಎಂಬ ಸಣ್ಣ ಊರಿನ ಕೆಳಗೆ ಡಾನ್ಯೂಬ್ ನದಿಯ ದಡದಲ್ಲಿ ನಡೆದೆವು. ನಮ್ಮ ಕಣ್ಣೆದುರಿಗೇ ನೀರು ಕಡಮೆಯಾಗುತ್ತ ಬಂತು. ಕಲ್ಲುಗಳ ನಡುವೆ ಸುಳಿಸುಳಿಯಾಗಿ ಇಳಿಯಿತು. ಸ್ವಲ್ಪ ಮುಂದೆ ಹೋದರೆ ಬರಿಯ ಬಿಳಿಯ ಕಲ್ಲಿನ ಪಾತ್ರ. ಯೂರೋಪಿನ ಮಹಾನದಿಯ ನಡುವೆ ನಾವು ಚಪ್ಪಲಿ ನೆನೆಯದೆ ನಿಂತಿದ್ದೆವು! ವರ್ಷದಲ್ಲಿ ಎಷ್ಟೋ ದಿನ ಅಲ್ಲಿ ಹೀಗೆಯೇ ಇರುತ್ತದೆಯಂತೆ. ಕೆಳಗೆ ಸೇರುವ ಉಪನದಿಗಳಿಂದ ಡಾನ್ಯೂಬ್ ಮತ್ತೆ ತುಂಬಿಕೊಂಡು ಉಲ್ಮಿಗೆ ಹೋಗುತ್ತದೆ.

ಇಳಿದ ನೀರು ಎಲ್ಲಿಗೆ ಹೋಯಿತು? ಅಲ್ಲಿಂದ ಹನ್ನೆರಡು ಕಿಲೋಮೀಟರು ದೂರದ ಆಖ್ ಎಂಬ ಊರಿನಲ್ಲಿ ಒಂದು ದೊಡ್ಡ ಊಟೆ ಇದೆ. ಜರ್ಮನಿಯ ಊಟೆಗಳಲ್ಲೆಲ್ಲ ಹೆಚ್ಚು ನೀರು ಕೊಡುವುದು ಅದೇ. ಸರಾಸರಿ ಸೆಕೆಂಡಿಗೆ ೮,೫೦೦ ಲೀಟರ್. ೧೮೭೭ರಲ್ಲಿ ಕ್ನೋಪ್ ಎಂಬ ಆಚಾರ್ಯನು ಡಾನ್ಯೂಬ್ ಇಳಿಯುವಲ್ಲಿ ರಾಶಿ ಉಪ್ಪನ್ನೂ ಹತ್ತು ಕಿಲೋ ಬಣ್ಣವನ್ನೂ ಸುರಿಸಿದನು. ಸುಮಾರು ಅರುವತ್ತು ಗಂಟೆಗಳಾದ ಮೇಲೆ ಆಖ್ ಊಟೆಯ ನೀರು ಹೊಳೆಯುವ ಹಸುರಾಗಿ, ಉಪ್ಪುಪ್ಪಾಗಿ ಎದ್ದಿತು. ಊಟೆಯ ನೀರು ಅಲ್ಲಿಂದ ಕಾನ್‌ಸ್ಟಾನ್ಸ್ ಸರೋವರವನ್ನು ಸೇರಿ, ರೈನ್ ನದಿಯಾಗಿ, ಬಾಸೆಲ್ ಸ್ಟ್ರಾಸ್‌ಬೂರುಗಳನ್ನು ಹಾದು ಉತ್ತರ ಸಮುದ್ರಕ್ಕೆ ಹೋಗುತ್ತದೆ. ಮೂಡಣದ ಕಪ್ಪು ಸಮುದ್ರಕ್ಕೆ ಹೊರಟ ನದಿಯ ಒಂದು ಪಾಲು, ನೆಲದೊಳಗೆ ಗುಪ್ತಗಾಮಿನಿಯಾಗಿ, ಬೇರೆ ಸಮುದ್ರವನ್ನು ಸೇರುತ್ತದೆ! ಪ್ರಯಾಗದಲ್ಲಿ ಸರಸ್ವತಿಯನ್ನು ಕಣ್ಣಿಗೆ ಕಾಣದೆ ನಂಬಿದ್ದ ನಮಗೆ, ಗುಪ್ತಗಾಮಿನಿಯು ಮತ್ತೆ ಮೇಲೆದ್ದುದನ್ನು ಕಾಣುವ ಭಾಗ್ಯ ಅಂದು ದೊರೆಯಿತು. ಆ ನೀಲಿಹಸುರು ನೀರಿನ ದಡದಲ್ಲಿ ಕುಳಿತು ಮಗನು, "ಬಾಸೆಲಿನಲ್ಲಿ ನಮ್ಮ ದೋಣಿಯನ್ನು ನೂಕಿದ ನೀರಿನಲ್ಲಿ ಇದರ ಪಾಲೂ ಇತ್ತು, ಅಪ್ಪ" ಎಂದನು. ಆ ವೇಳೆಗೆ ಅವನು ಒಂದು ಫೋಟೋವನ್ನೂ ತೆಗೆದಿರಲಿಲ್ಲ.

ನಾವು ಊರಿಗೆ ಹಿಂದಿರುಗಿದ ಮೇಲೆ ಪರೀಕ್ಷೆ ನಡೆಯಿತು. ತೇರ್ಗಡೆಯಾದನು, ಬಹಳ ಮೇಲಿನ ಅಂಕಗಳೇನಲ್ಲ. ನಾವು ಇದನ್ನು ಪ್ರಯಾಣದ ಫಲವೆಂದು ಹೇಳುವುದಿಲ್ಲ. ಊರಿನಲ್ಲಿ ಉಳಿದು ಓದಿದ ಆರು ವಾರಗಳ ಫಲ. ಆದರೆ ಆ ಆರು ವಾರಗಳ ಭಾನುವಾರವನ್ನು ಅವನು ಸಹಿಸಲು ಕಲಿತುದು ಉಳಿದ ಐದು ವಾರಗಳಿಂದ. ಬ್ಯಾಂಕಿನ ಸಾಲ ಇನ್ನೂ ಇದೆ. ನಕ್ಷೆಯ ಮೇಲಿನ ಹನ್ನೊಂದು ಗುಂಡುಸೂಜಿಗಳನ್ನು ಅವನು ಕಿತ್ತುಹಾಕಲಿಲ್ಲ. ಅವುಗಳಲ್ಲಿ ಯಾವುದಾದರೊಂದಕ್ಕೆ ಮುಂದೆ ಸರಿಯಾಗಿ ಹೋಗಬೇಕೆಂದಿದ್ದಾನೆ. ಹೋಗಲಿ.

ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಪರದೇಶದಲ್ಲಿರುವ ಮಕ್ಕಳನ್ನು ತಿರುಗಬೇಡವೆಂದು ತಡೆಯಬೇಡಿ. ಆ ವಯಸ್ಸೂ ಆ ಸಮೀಪವೂ ಮತ್ತೆ ಬರುವುದಿಲ್ಲ. ಎಷ್ಟು ಊರು ನೋಡಿದೆ ಎಂದೂ ಕೇಳಬೇಡಿ. ಹೋಗುವ ಮೊದಲು ಯಾತಕ್ಕೆ ಎಂದೂ, ಬಂದ ಮೇಲೆ ಏನು ಕಂಡೆ ಎಂದೂ ಕೇಳಿ. ಭಾನುವಾರ ತಪ್ಪದೆ ಕರೆದು ಮಾತನಾಡಿಸಿ. ನಮ್ಮ ಮನೆಯವರು ಈಗ ಹಾಗೆಯೇ ಮಾಡುತ್ತಾರೆ. ಕಳೆದ ವಾರ ಅವನು ಎಲ್ಲಿಗೂ ಹೋಗಲಿಲ್ಲವಂತೆ. ಕೊಠಡಿಯಲ್ಲಿಯೇ ಅನ್ನ ಮಾಡಿ ಗೊಜ್ಜು ಕಲಸಿಕೊಂಡು, ನೆಕ್ಕಾರ್ ದಡದಲ್ಲಿ ಕುಳಿತು ಓದಿದನಂತೆ.